ಜೀನ್ ತಿದ್ದುವ ಪ್ರಶ್ನೆಯನ್ನು ಊರಿನ ವಾಚನಾಲಯದಲ್ಲಿ ಓದಲು ಕೂತರೆ

ಮಂಜೇಶ್ವರದಿಂದ ಎಣ್ಮಕಜೆ, ಬದಿಯಡ್ಕ, ಮುಳ್ಳೇರಿಯದ ತನಕ, ಕೇರಳದ ಕಾಸರಗೋಡು ಜಿಲ್ಲೆಯ ನಮ್ಮ ಕಡೆ ವಾಚನಾಲಯಗಳಿಗೆ ಬರವಿಲ್ಲ. ಜೂನ್ 19ರ ವಾಚನಾ ದಿನದ ಆಸುಪಾಸಿನಲ್ಲಿ ಕಥೆ, ಕವನ ಓದುವ ಜಾಗಗಳಲ್ಲಿ ಮನುಷ್ಯರ ಜೀನ್ ತಿದ್ದುವ ವಿಚಾರವನ್ನೂ ಓದಬಹುದು. ಓದಲೇಬೇಕು ಎಂದು ನನ್ನ ಅಭಿಪ್ರಾಯ. ಆದರೆ ತಯಾರಿ ಇಲ್ಲದೆ ಕೂತರೆ ಹತ್ತೇ ನಿಮಿಷದಲ್ಲಿ ಮಾತು ‘ದೇವರ ಕೆಲಸಕ್ಕೆ ಕೈ ಹಾಕಬಹುದೇ’, ‘ಬೇಕಾದ ಬಣ್ಣದ ಮಗು ಸಿಗುತ್ತದಂತೆ’ ಎಂಬಲ್ಲಿಗೆ ಹೋಗಿ ನಿಲ್ಲುತ್ತದೆ. ಆಮೇಲೆ ಪುಸ್ತಕ ತೆರೆಯುವವರಿಲ್ಲ.

ನಾಲ್ಕು ಕೂಟ, ಒಂದೊಂದಕ್ಕೆ ಎರಡು ಗಂಟೆ, ಹನ್ನೆರಡರಿಂದ ಹದಿನೈದು ಜನ ಸಾಕು. ಅದಕ್ಕಿಂತ ಹೆಚ್ಚಾದರೆ ಅರ್ಧ ಜನ ಬರೀ ಕೇಳುಗರಾಗಿಬಿಡುತ್ತಾರೆ. ಮನೆಯಲ್ಲಿ ಓದಿ ಬನ್ನಿ ಎಂದರೆ ಓದಿ ಬರುವುದು ಇಬ್ಬರು ಮೂವರು. ಆದ್ದರಿಂದ ಕೂಟಕ್ಕೆ ಆರು ಪುಟ ಮೀರದಂತೆ ಇಟ್ಟುಕೊಂಡು, ಅಲ್ಲೇ ಸರದಿಯ ಮೇಲೆ ಒಂದೊಂದು ಪ್ಯಾರಾ ಗಟ್ಟಿಯಾಗಿ ಓದಿಸುವುದು ಒಳ್ಳೆಯದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಮಾರ್ಗಸೂಚಿಯಾಗಲಿ, 2021ರ ವಿಶ್ವ ಆರೋಗ್ಯ ಸಂಸ್ಥೆಯ ವರದಿಯಾಗಲಿ ನಮ್ಮ ಕೈಗೆ ಸಿಗುವುದು ಇಂಗ್ಲಿಷಿನಲ್ಲಿ. ಬೇಕಾದ ಭಾಗವನ್ನು ಒಬ್ಬರು ವಾರ ಮೊದಲೇ ಕನ್ನಡದಲ್ಲಿ ಬರೆದು, ಹಿರಿಯರಿಗೂ ಕಾಣುವಂತೆ ದೊಡ್ಡ ಅಕ್ಷರದಲ್ಲಿ ಜೆರಾಕ್ಸ್ ಮಾಡಿಸಬೇಕು.

ಮೊದಲ ಕೂಟದಲ್ಲಿ ಸರಿ-ತಪ್ಪಿನ ಮಾತೇ ಬೇಡ. ಒಂದು ರೋಗ, ಒಂದು ಚಿಕಿತ್ಸೆ, ಅಷ್ಟನ್ನು ಪೂರ್ತಿ ತಿಳಿದುಕೊಳ್ಳಿ. ಸಿಕಲ್ ಸೆಲ್ ರೋಗವನ್ನೇ ಆರಿಸಿಕೊಳ್ಳಲು ಕಾರಣವಿದೆ. ನಮ್ಮದೇ ರಾಜ್ಯದ ವಯನಾಡಿನಲ್ಲಿ ಪಣಿಯ, ಕುರುಮ, ವಯನಾಡನ್ ಚೆಟ್ಟಿ ಸಮುದಾಯಗಳಲ್ಲಿ ಇದು ಇದೆ. ಜೀನ್ ಎಂದರೆ ಎ, ಟಿ, ಜಿ, ಸಿ ಎಂಬ ನಾಲ್ಕೇ ಅಕ್ಷರಗಳಲ್ಲಿರುವ ಡಿಎನ್‌ಎ ಬರಹ. ಬೋರ್ಡಿನ ಮೇಲೆ ‘ಜಿಎಜಿ’ ಎಂದು ಬರೆದು, ನಡುವಿನ ಅಕ್ಷರ ಅಳಿಸಿ ‘ಜಿಟಿಜಿ’ ಮಾಡಿ ತೋರಿಸಿ. ಸುಮಾರು 300 ಕೋಟಿ ಅಕ್ಷರಗಳ ನಡುವೆ, 11ನೇ ಕ್ರೋಮೋಸೋಮಿನಲ್ಲಿ ಈ ಒಂದಕ್ಷರ ಬದಲಾದರೆ ಹಿಮೋಗ್ಲೋಬಿನ್ನಿನಲ್ಲಿ ಗ್ಲುಟಾಮಿಕ್ ಆಮ್ಲದ ಜಾಗಕ್ಕೆ ವ್ಯಾಲಿನ್ ಎಂಬ ಬೇರೆ ಅಮೈನೋ ಆಮ್ಲ ಬರುತ್ತದೆ. ಆಮ್ಲಜನಕ ಕಡಿಮೆಯಾದಾಗ ಅಂಥ ಹಿಮೋಗ್ಲೋಬಿನ್ ಒಂದಕ್ಕೊಂದು ಅಂಟಿಕೊಳ್ಳುತ್ತದೆ, ರಕ್ತಕಣ ಕುಡುಗೋಲಿನ ಹಾಗೆ ಬಾಗಿ ಸಣ್ಣ ನಾಳಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಸಹಿಸಲಾಗದ ನೋವು ಬರುವುದು ಆಗ.

ಇಷ್ಟು ಕೇಳಿದವರು ‘ಹಾಗಾದರೆ ಜೀನ್ ತಿದ್ದುವ ಕ್ರಿಸ್ಪರ್ ತಂತ್ರ ಆ ಅಕ್ಷರವನ್ನು ಸರಿ ಮಾಡುತ್ತದೆ’ ಎಂದುಕೊಳ್ಳುವುದು ಸಹಜ. ಆದರೆ 2023ರ ನವೆಂಬರಿನಲ್ಲಿ ಬ್ರಿಟನ್ನಿನಲ್ಲೂ ಡಿಸೆಂಬರಿನಲ್ಲಿ ಅಮೆರಿಕದಲ್ಲೂ ಒಪ್ಪಿಗೆ ಪಡೆದ ಕ್ರಿಸ್ಪರ್ ಚಿಕಿತ್ಸೆ ಕ್ಯಾಸ್ಗೆವಿ ಆ ಅಕ್ಷರದ ಗೊಡವೆಗೇ ಹೋಗುವುದಿಲ್ಲ. ಕ್ರಿಸ್ಪರಿನ ಕ್ಯಾಸ್-9 ಎಂಬ ಪ್ರೋಟೀನ್ ಮೂಲತಃ ಒಂದು ಕತ್ತರಿ. ಅದರ ಜತೆಗಿರುವ ಗೈಡ್ ಆರ್‌ಎನ್‌ಎ 20 ಅಕ್ಷರ ಹೊಂದಿಸಿ ಜಾಗ ಹುಡುಕುತ್ತದೆ, ಕ್ಯಾಸ್-9 ಡಿಎನ್‌ಎಯ ಎರಡೂ ಎಳೆಗಳನ್ನು ಕತ್ತರಿಸುತ್ತದೆ, ಜೀವಕೋಶ ತಾನೇ ತುದಿಗಳನ್ನು ಜೋಡಿಸಿಕೊಳ್ಳುತ್ತದೆ. ಜೋಡಿಸುವಾಗ ಕೆಲವು ಅಕ್ಷರ ಬಿದ್ದುಹೋಗುತ್ತವೆ ಇಲ್ಲವೇ ಸೇರಿಕೊಳ್ಳುತ್ತವೆ, ಆ ಜಾಗದ ಕೆಲಸ ಕೆಡುತ್ತದೆ. ಕ್ಯಾಸ್ಗೆವಿ ಹೀಗೆ ಕೆಡಿಸುವುದು ಬಿಸಿಎಲ್11ಎ ಎಂಬ ಜೀನಿನ ನಿಯಂತ್ರಣ ಭಾಗವನ್ನು. ಹುಟ್ಟಿದ ಮೇಲೆ ನಿಂತುಹೋಗಿದ್ದ ಭ್ರೂಣದ ಹಿಮೋಗ್ಲೋಬಿನ್ ಅದರಿಂದ ಮತ್ತೆ ತಯಾರಾಗುತ್ತದೆ, ಅದು ಹಾಗೆ ಅಂಟಿಕೊಳ್ಳದ್ದರಿಂದ ರಕ್ತಕಣ ಬಾಗುವುದು ಕಡಿಮೆಯಾಗುತ್ತದೆ. ಗೈಡಿನ 20 ಅಕ್ಷರಗಳನ್ನು ಬಹುಮಟ್ಟಿಗೆ ಹೋಲುವ ಸಾಲು ಬೇರೆಲ್ಲಾದರೂ ಇದ್ದರೆ ಅಲ್ಲೂ ಕತ್ತರಿ ಬೀಳಬಹುದು. ಗುರಿ ತಪ್ಪುವುದೆಂದರೆ ಇದು.

ಚಿಕಿತ್ಸೆಯ ಕ್ರಮವನ್ನೂ ಬಿಡದೆ ಓದಬೇಕು. ರೋಗಿಯ ರಕ್ತದಿಂದ, ರಕ್ತಕಣಗಳನ್ನು ಹುಟ್ಟಿಸುವ ಕಾಂಡಕೋಶ ಬೇರ್ಪಡಿಸಿ ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ತಿದ್ದಿದ ಕೋಶ ವಾಪಸು ಕೊಡುವ ಮೊದಲು ಬುಸಲ್ಫಾನ್ ಎಂಬ ಕೀಮೋ ಔಷಧಿಯಿಂದ ಮೂಳೆಯ ಮಜ್ಜೆಯನ್ನು ಖಾಲಿ ಮಾಡುತ್ತಾರೆ. ಬಾಯಿ ಹುಣ್ಣಾಗುತ್ತದೆ, ವಾರಗಟ್ಟಲೆ ಆಸ್ಪತ್ರೆಯಲ್ಲಿರಬೇಕು, ಮುಂದೆ ಮಕ್ಕಳಾಗದೆಯೂ ಹೋಗಬಹುದು. ಪ್ರಯೋಗದಲ್ಲಿ ಲೆಕ್ಕಕ್ಕೆ ಸಿಕ್ಕ 31 ಜನರಲ್ಲಿ 29 ಮಂದಿಗೆ ಕನಿಷ್ಠ 12 ತಿಂಗಳು ತೀವ್ರ ನೋವಿನ ಬಾಧೆ ಬರಲಿಲ್ಲ. ಅಮೆರಿಕದಲ್ಲಿ ಬೆಲೆ 22 ಲಕ್ಷ ಡಾಲರ್, ನಮ್ಮ ಲೆಕ್ಕದಲ್ಲಿ 18 ಕೋಟಿ ರೂಪಾಯಿಗೂ ಮಿಕ್ಕಿ. ಆದ ಬದಲಾವಣೆ ಆ ವ್ಯಕ್ತಿಯ ರಕ್ತಕ್ಕೇ ಮುಗಿಯುತ್ತದೆ, ಮಕ್ಕಳಿಗೆ ದಾಟುವುದಿಲ್ಲ. ಈ ಕೊನೆಯ ವಾಕ್ಯವನ್ನು ಎರಡು ಸಲ ಓದಿಸಿ, ಮುಂದಿನದೆಲ್ಲ ಅದರ ಮೇಲೆಯೇ ನಿಂತಿದೆ.

ಬೆಲೆಯ ಮಾತು ಬಂದಾಗ ವಯನಾಡನ್ನು ಮರೆಯುವುದು ಬೇಡ. ನೋವಿನ ಬಾಧೆ ಕಡಿಮೆ ಮಾಡುವ ಹೈಡ್ರಾಕ್ಸಿಯೂರಿಯಾ ಮಾತ್ರೆ, ಸಮಯಕ್ಕೆ ರಕ್ತಪರೀಕ್ಷೆ, ಹಾಡಿಗೆ ಬರುವ ಆರೋಗ್ಯ ಕಾರ್ಯಕರ್ತೆ ಇವೂ ಚಿಕಿತ್ಸೆಯೇ. 2023ರ ಜುಲೈ 1ರಂದು ಶುರುವಾದ ಕೇಂದ್ರದ ಸಿಕಲ್ ಸೆಲ್ ಯೋಜನೆಯ ಗುರಿ 7 ಕೋಟಿ ಜನರ ತಪಾಸಣೆ. ದೆಹಲಿಯ ಸಂಶೋಧನಾ ಸಂಸ್ಥೆ ಐಜಿಐಬಿ ಸ್ವದೇಶಿ ಕ್ರಿಸ್ಪರ್ ಚಿಕಿತ್ಸೆಗೆ ಕೆಲಸ ಮಾಡುತ್ತಿದೆ. ಒಳ್ಳೆಯ ಕೆಲಸವೇ, ಆದರೆ ಮಾತ್ರೆ ತಲುಪದ ಹಾಡಿಗೆ ಅದು ಹೇಗೆ ತಲುಪುತ್ತದೆ ಎಂದು ಕೇಳದೆ ನೀತಿಯ ಚರ್ಚೆ ಪೂರ್ತಿಯಾಗದು.

ಎರಡನೇ ಕೂಟಕ್ಕೆ ಹುಣಸೆ ಬೀಜ, ಅವರೆ ಬೀಜ, ಎರಡು ಬಟ್ಟೆ ಚೀಲ ಬೇಕು. ಒಂದು ಚೀಲ ಅಪ್ಪ, ಇನ್ನೊಂದು ಅಮ್ಮ. ಪ್ರತಿ ಚೀಲದಲ್ಲಿ ಒಂದು ಹುಣಸೆ, ಒಂದು ಅವರೆ. ಹುಣಸೆಯೇ ರೋಗದ ಜೀನಿನ ಪ್ರತಿ, ಅಂಥ ಎರಡು ಸೇರಿದರೆ ಮಾತ್ರ ರೋಗ. ಅಪ್ಪ ಅಮ್ಮ ಇಬ್ಬರೂ ಆರೋಗ್ಯವಂತರು, ಆದರೆ ವಾಹಕರು. ಕಣ್ಣುಮುಚ್ಚಿ ಎರಡೂ ಚೀಲದಿಂದ ಒಂದೊಂದು ಬೀಜ ತೆಗೆದು, ಬರೆದುಕೊಂಡು, ಹಿಂದಕ್ಕೆ ಹಾಕಬೇಕು. ಬೀಜ ಹಿಂದಕ್ಕೆ ಹಾಕಲು ಮರೆತರೆ ಲೆಕ್ಕವೆಲ್ಲ ಕೆಡುತ್ತದೆ. ಇಪ್ಪತ್ತು ಸಲ ತೆಗೆದರೆ ಎರಡೂ ಹುಣಸೆ ಬರುವುದು ಐದರ ಆಸುಪಾಸು. ‘ಮೊದಲ ಮಗುವಿಗೆ ರೋಗ ಬಂತು, ಇನ್ನು ಮೂವರು ಕ್ಷೇಮ’ ಎಂಬ ತಪ್ಪು ತಿಳಿವಳಿಕೆ ಇಲ್ಲಿ ಕಳಚುತ್ತದೆ. ಪ್ರತಿ ಸಲವೂ ನಾಲ್ಕರಲ್ಲೊಂದು ಸಾಧ್ಯತೆ ಹೊಸದಾಗಿಯೇ ಇರುತ್ತದೆ.

ಈಗ ಕೇಳಿ: ಈ ದಂಪತಿಗೆ ಭ್ರೂಣದ ಜೀನ್ ತಿದ್ದಬೇಕೇ? ನಾಲ್ಕರಲ್ಲಿ ಮೂರು ಪಾಲು ಭ್ರೂಣಗಳಿಗೆ ರೋಗವೇ ಬರುವುದಿಲ್ಲವಲ್ಲ! ಐವಿಎಫ್ ಮಾಡಿಸಿ, ಅಂದರೆ ದೇಹದ ಹೊರಗೆ ಭ್ರೂಣ ರೂಪಿಸಿ, ಅದನ್ನು ಪರೀಕ್ಷಿಸಿ ಆರಿಸಿಕೊಂಡರೆ ಸಾಕು. ಎರಡೂ ಚೀಲಗಳಲ್ಲಿ ಬರೀ ಹುಣಸೆ ಇದ್ದಾಗ, ಅಂದರೆ ತಂದೆತಾಯಿ ಇಬ್ಬರೂ ರೋಗಿಗಳಾಗಿದ್ದಾಗ ಮಾತ್ರ ಆರಿಸಲು ಏನೂ ಉಳಿಯುವುದಿಲ್ಲ. ಭ್ರೂಣ ತಿದ್ದಲೇಬೇಕು ಎಂಬ ವಾದಕ್ಕೆ ಇರುವ ಜಾಗ ಎಷ್ಟು ಕಿರಿದು ಎಂದು ಬೀಜಗಳಷ್ಟು ಚೆನ್ನಾಗಿ ಯಾವ ಭಾಷಣವೂ ತೋರಿಸಲಾರದು. ಆರಿಸುವುದರಲ್ಲೂ ಅಪಾಯವಿದೆ. ಲಿಂಗ ಪತ್ತೆಯನ್ನು ತಡೆಯಲು 1994ರಲ್ಲಿ ಕಾಯ್ದೆಯನ್ನೇ ತರಬೇಕಾಯಿತು, 2003ರಲ್ಲಿ ಅದನ್ನು ಗರ್ಭಧಾರಣೆಗೆ ಮೊದಲಿನ ಆಯ್ಕೆಗೂ ವಿಸ್ತರಿಸಬೇಕಾಯಿತು. ರೋಗಕ್ಕೆಂದು ಬಂದ ಯಂತ್ರವನ್ನು ನಾವು ಯಾವುದಕ್ಕೆ ಬಳಸಿದೆವು ಎಂಬುದು ಕೂಟದಲ್ಲಿರುವ ಎಲ್ಲರಿಗೂ ಗೊತ್ತು.

ಮೂರನೇ ಕೂಟ ಹೆ ಜಿಯಾನ್‌ಕುಯಿ ಪ್ರಕರಣಕ್ಕೆ. 2018ರ ನವೆಂಬರಿನಲ್ಲಿ, ಜೀನ್ ತಿದ್ದಿದ ಅವಳಿ ಹೆಣ್ಣುಮಕ್ಕಳು ಹುಟ್ಟಿದ್ದಾರೆಂದು ಈ ಚೀನಾದ ವಿಜ್ಞಾನಿ ಪ್ರಕಟಿಸಿದ. ಎಚ್‌ಐವಿ ತಗಲದಂತೆ ಆ ವೈರಸ್ ಕೋಶದೊಳಗೆ ನುಗ್ಗಲು ಬಾಗಿಲಾಗುವ ಸಿಸಿಆರ್5 ಜೀನನ್ನು ಕೆಡಿಸಿದ್ದು. ಸುದ್ದಿ ಮಾತ್ರ ಓದಿ ಬೈದರೆ ಪ್ರಯೋಜನವಿಲ್ಲ, ದಂಪತಿಗಳು ಸಹಿ ಹಾಕಿದ ಸಮ್ಮತಿ ಪತ್ರವನ್ನೇ ಓದಿ. ಒಬ್ಬರು ಗಂಡ, ಒಬ್ಬರು ಹೆಂಡತಿ, ಒಬ್ಬರು ವೈದ್ಯರ ಪಾತ್ರ ವಹಿಸಲಿ. ಪ್ರತಿ ಪ್ಯಾರಾಕ್ಕೆ ನಿಲ್ಲಿಸಿ ‘ಈಗ ಸಹಿ ಹಾಕುತ್ತೀರಾ’ ಎಂದು ಕೇಳಬೇಕು. ಮೊದಲ ಸಾಲಿನಲ್ಲೇ ಕಾರ್ಯಕ್ರಮದ ಹೆಸರು ಏಡ್ಸ್ ಲಸಿಕೆ ಅಭಿವೃದ್ಧಿ ಯೋಜನೆ. ಚಿಕಿತ್ಸೆಯ ಖರ್ಚು ತಂಡದ್ದು. ಗುರಿ ತಪ್ಪಿ ಬೇರೆ ಕಡೆ ಕತ್ತರಿ ಬಿದ್ದರೆ ತಂಡ ಹೊಣೆಯಲ್ಲ. ಭ್ರೂಣ ಗರ್ಭಕ್ಕೆ ಸೇರಿದ ಮೇಲೆ ಹಿಂದೆ ಸರಿದರೆ ಖರ್ಚೆಲ್ಲ ವಾಪಸು ಕೊಡಬೇಕು, ಹತ್ತು ದಿನದೊಳಗೆ ಕೊಡದಿದ್ದರೆ ಮೇಲೊಂದು ಲಕ್ಷ ಯುವಾನ್ ದಂಡ. ಅಲ್ಲಿಗೆ ಬಂದಾಗ ಹೆಂಡತಿಯ ಪಾತ್ರದವರಿಗೆ ಸ್ವಲ್ಪ ಹೊತ್ತು ಬಿಡಿ, ಅವಸರಪಡಿಸಬೇಡಿ.

ಆಮೇಲೆ ಉಳಿದ ವಿವರ. ಎಚ್‌ಐವಿ ಇದ್ದದ್ದು ತಂದೆಯಂದಿರಿಗೆ. ವೀರ್ಯ ತೊಳೆದು ಬಳಸಿದರೆ ಸೋಂಕು ದಾಟದಂತೆ ನೋಡಿಕೊಳ್ಳುವ ವಿಧಾನ ಆಗಲೇ ಇತ್ತು, ಈ ತಂಡವೂ ಅದನ್ನೇ ಮಾಡಿತ್ತು. ಅವಳಿಗಳಲ್ಲಿ ಒಬ್ಬಳಲ್ಲಿ ಜೀನಿನ ಒಂದು ಪ್ರತಿ ಮಾತ್ರ ಬದಲಾಗಿತ್ತು, ಅಂದರೆ ಹೇಳಿದ ರಕ್ಷಣೆಯೂ ಅವಳಿಗಿಲ್ಲ. ಸಿಸಿಆರ್5 ಇಲ್ಲದವರಿಗೆ ವೆಸ್ಟ್ ನೈಲ್ ಜ್ವರ ಹೆಚ್ಚು ಬಾಧಿಸುವ ಸಾಧ್ಯತೆಯಿದೆ. 2019ರ ಡಿಸೆಂಬರಿನಲ್ಲಿ ಹೆ ಜಿಯಾನ್‌ಕುಯಿಗೆ ಮೂರು ವರ್ಷ ಜೈಲು, 30 ಲಕ್ಷ ಯುವಾನ್ ದಂಡ.

ನಮ್ಮ ಜಿಲ್ಲೆಯಲ್ಲಿ ಈ ಓದು ನಡೆಸುವವರು ಎಂಡೋಸಲ್ಫಾನ್ ಕೀಟನಾಶಕದ ಬಗ್ಗೆ ಮೊದಲೇ ಯೋಚಿಸಿರಬೇಕು. 2000ದವರೆಗೆ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಸುರಿದ ವಿಷ, ಎಣ್ಮಕಜೆಯ ಪಡ್ರೆಯಂಥ ಊರುಗಳಲ್ಲಿ ಹಾಸಿಗೆ ಹಿಡಿದ ಮಕ್ಕಳು, 2011ರ ಸುಪ್ರೀಂ ಕೋರ್ಟಿನ ನಿಷೇಧ, 2017ರ ಐದು ಲಕ್ಷ ಪರಿಹಾರದ ಆದೇಶ ಇವೆಲ್ಲ ಕೂಟದಲ್ಲಿ ಕೂತವರ ಮನೆಯ ಸಂಗತಿಗಳು. ‘ನಮ್ಮ ಮಗುವಿಗೆ ಇದರಿಂದ ಗುಣವಾದೀತೇ’ ಎಂಬ ಪ್ರಶ್ನೆ ಬಂದೇ ಬರುತ್ತದೆ. ನೇರವಾಗಿ ಉತ್ತರಿಸಿ: ಇಲ್ಲ. ಬೆಳೆಯುತ್ತಿದ್ದ ಮೆದುಳಿಗೆ, ಅಂಗಾಂಗಕ್ಕೆ ಹೊರಗಿನಿಂದ ಬಿದ್ದ ಪೆಟ್ಟಿನಲ್ಲಿ ಹುಡುಕಿ ತಿದ್ದಲು ಒಂದಕ್ಷರದ ಗುರಿ ಇರುವುದಿಲ್ಲ. ಆಸೆ ಹುಟ್ಟಿಸುವ ಹಾರಿಕೆಯ ಮಾತು ಆಡಬಾರದು. ಆರೈಕೆ ಮಾಡುವ ತಾಯಂದಿರಿಗೆ ಬರಲು ಅನುಕೂಲವಾಗುವ ಹೊತ್ತು, ಮೆಟ್ಟಿಲಿಲ್ಲದ ಕೋಣೆ ಆರಿಸಿ. ಅವರನ್ನು ಉದಾಹರಣೆಯಾಗಿ ಎಬ್ಬಿಸಿ ಮಾತಾಡಿಸುವುದು ಬೇಡವೇ ಬೇಡ. ಅಂಗವೈಕಲ್ಯವೇ ಇಲ್ಲದ ಲೋಕ ಬೇಕು ಎಂದು ಪುಸ್ತಕದಲ್ಲಿ ಸಲೀಸಾಗಿ ಬರೆದ ವಾಕ್ಯ ಅವರೆದುರು ಗಟ್ಟಿಯಾಗಿ ಓದುವಾಗ ಹೇಗೆ ಕೇಳಿಸುತ್ತದೆ ಎಂದು ಓದುವವರಿಗೇ ತಿಳಿಯುತ್ತದೆ.

ಕೊನೆಯ ಕೂಟ ಕಾನೂನಿಗೆ. ಇದು ಬೇಗ ಮುಗಿಯುತ್ತದೆ. ಭ್ರೂಣದ ಜೀನ್ ತಿದ್ದಿ ಗರ್ಭಕ್ಕೆ ಸೇರಿಸುವುದನ್ನು ಐಸಿಎಂಆರ್ ಮಾರ್ಗಸೂಚಿಗಳು ನಿಷೇಧಿಸುತ್ತವೆ, ಪ್ರಯೋಗಾಲಯದಲ್ಲೂ ಭ್ರೂಣವನ್ನು 14 ದಿನದಾಚೆ ಬೆಳೆಸುವಂತಿಲ್ಲ. ಆದರೆ ಇವು ಮಾರ್ಗಸೂಚಿ, ಸಂಸತ್ತಿನ ಕಾಯ್ದೆಯಲ್ಲ. ಚೀನಾ ಇದನ್ನು ತನ್ನ ದಂಡಸಂಹಿತೆಗೇ ಸೇರಿಸಿತು, 2021ರಲ್ಲಿ ಅದು ಜಾರಿಗೆ ಬಂತು. ನಮ್ಮಲ್ಲೂ ಕಾಯ್ದೆ ಬೇಕು ಎಂಬುದು ನನ್ನ ಖಚಿತ ನಿಲುವು. ಉಳಿದ ಒಂದು ಗಂಟೆಯಲ್ಲಿ ಕೂಟದವರೇ ಸೇರಿ ಸಿಕಲ್ ಸೆಲ್ ಚಿಕಿತ್ಸೆಗೆ ಕನ್ನಡದಲ್ಲಿ ಒಂದು ಪುಟದ ಸಮ್ಮತಿ ಪತ್ರ ಬರೆಯಲಿ. ಎಲ್ಲರೂ ಬಿಟ್ಟುಬಿಡುವ ಸಾಲು ಚಿಕಿತ್ಸೆಯ ನಂತರದ್ದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇಂಥ ಚಿಕಿತ್ಸೆ ಪಡೆದವರನ್ನು 15 ವರ್ಷದವರೆಗೆ ಗಮನಿಸುತ್ತಿರಬೇಕು ಎನ್ನುತ್ತದೆ. ಹದಿನೈದು ವರ್ಷ ತಪಾಸಣೆಗೆ ಬರುವ ಬಸ್ಸಿನ ಖರ್ಚು, ತಪ್ಪಿದ ದಿನದ ಕೂಲಿ, ನಡುವೆ ಕಂಪನಿ ಮುಚ್ಚಿದರೆ ಆ ಕಡತ ಯಾರ ಕೈಯಲ್ಲಿ ಎಂಬುದು, ಈ ಮೂರೂ ಆ ಪುಟದಲ್ಲಿ ಇರುವಂತೆ ನೋಡಿಕೊಳ್ಳಿ.