ಓಡುವ ಮನೆಗೆ ಪೂಲ್ ನೂಡಲ್

3 ಮೇ 2025, ಶನಿವಾರ
ಡೆಡ್ ಹಾರ್ಸ್ ಪಾಯಿಂಟ್ ಸ್ಟೇಟ್ ಪಾರ್ಕ್, ಯೂಟಾ

ಡೆನ್ವರ್‌ನಿಂದ ಇಲ್ಲಿಗೆ ಸುಮಾರು 350 ಮೈಲಿ. ಐ-70 ಹೆದ್ದಾರಿಯಲ್ಲಿ ರಾಕಿ ಪರ್ವತಗಳನ್ನು ದಾಟಿ, ಕ್ರೆಸೆಂಟ್ ಜಂಕ್ಷನ್ನಿನಲ್ಲಿ ದಕ್ಷಿಣಕ್ಕೆ ಹೊರಳಿ, ಮೋಆಬ್ ಊರು ಸಿಗುವ ಮೊದಲೇ 313ನೇ ರಸ್ತೆ ಹಿಡಿದು ಈ ಪ್ರಸ್ಥಭೂಮಿಯನ್ನು ಏರಬೇಕು. ಇಷ್ಟು ದೂರ ಕಾರಿನ ಹಿಂದೆ ಎಳೆದು ತಂದ, ಪುಟ್ಟ ಮನೆಯಂಥ ಟ್ರೇಲರಿನೊಳಗೆ ಏನೇನು ಉರುಳಿದೆ, ಏನೇನು ಒಡೆದಿದೆ ಎಂಬುದು ಪಾತ್ರೆಯ ಕಪಾಟನ್ನು ತೆರೆದಾಗಲೇ ತಿಳಿಯುವುದು. ನಿನ್ನೆ ಸಂಜೆ ತೆರೆದಾಗ ಲೋಟದಿಂದ ಕುಕ್ಕರಿನವರೆಗೆ ಎಲ್ಲವೂ ಇಟ್ಟಲ್ಲೇ ಇದ್ದವು. ಇದರ ಶ್ರೇಯಸ್ಸು ಒಂದೂವರೆ ಡಾಲರಿಗೆ ಸಿಗುವ ಪೂಲ್ ನೂಡಲ್‌ಗೆ ಸಲ್ಲಬೇಕು. ಆರ್‌ವಿ (ಓಡುವ ಮನೆ) ಅಂಗಡಿಗಳಲ್ಲಿ ಹತ್ತಾರು ಡಾಲರ್ ತೆತ್ತು ಕೊಳ್ಳುವ ಎಷ್ಟೋ ಸಾಮಾನುಗಳಿಗಿಂತ ಇದು ಹೆಚ್ಚು ಕೆಲಸಕ್ಕೆ ಬರುತ್ತದೆ ಎಂದು ನಾನು ಮನಸಾರೆ ನಂಬಿದ್ದೇನೆ. ಗೆಳತಿಯರು ಮತ್ತೆ ಮತ್ತೆ ಕೇಳುತ್ತಿರುವುದರಿಂದ ಇಂದಿನ ದಿನಚರಿಯಲ್ಲಿ ಅದನ್ನೇ ವಿವರವಾಗಿ ಬರೆಯುತ್ತಿದ್ದೇನೆ.

ಈಜುಕೊಳದಲ್ಲಿ ಮಕ್ಕಳು ಕಂಕುಳಡಿ ಸಿಕ್ಕಿಸಿಕೊಂಡು ತೇಲುವ, ನಾಲ್ಕೈದು ಅಡಿ ಉದ್ದದ ಬಣ್ಣದ ಕೊಳವೆಯೇ ಪೂಲ್ ನೂಡಲ್. ಇದನ್ನು ಪಾಲಿಎಥಿಲೀನ್ ಫೋಮ್‌ನಿಂದ ಮಾಡಿರುತ್ತಾರೆ. ಅದರೊಳಗಿನ ಗಾಳಿಯ ಗುಳ್ಳೆಗಳು ಒಂದೊಂದೂ ಮುಚ್ಚಿಕೊಂಡಿರುವುದರಿಂದ ಅದು ಸ್ಪಂಜಿನ ಹಾಗೆ ನೀರು ಕುಡಿಯುವುದಿಲ್ಲ, ಒರೆಸಿದರೆ ಒಣಗುತ್ತದೆ, ಪೆಟ್ಟು ಬಿದ್ದರೆ ತಗ್ಗಿ ಮತ್ತೆ ಉಬ್ಬುತ್ತದೆ. ನಡುವೆ ರಂಧ್ರ ಇರುವುದರಿಂದ ಉದ್ದಕ್ಕೆ ಒಂದು ಸೀಳು ಕೊಟ್ಟರೆ ಸಾಕು, ಯಾವ ಅಂಚಿಗಾದರೂ ಅಂಟಿಲ್ಲದೆ ತಾನೇ ಕಚ್ಚಿಕೊಳ್ಳುತ್ತದೆ. ಬ್ರೆಡ್ ಕೊಯ್ಯುವ ಹಲ್ಲಿನ ಚಾಕು ಇದಕ್ಕೆ ಚೆನ್ನಾಗಿ ಒಗ್ಗುತ್ತದೆ. ಸಾಧಾರಣ ಚಾಕುವಿನಿಂದ ಒತ್ತಿ ಕೊಯ್ದರೆ ತುಂಡು ಓರೆಯಾಗುತ್ತದೆ.

ಕನ್ನಡದ ಅಡುಗೆಮನೆಯನ್ನು ಟ್ರೇಲರಿಗೆ ಏರಿಸಿದವರಿಗೆ ಇದರ ಬೆಲೆ ಬೇಗ ತಿಳಿಯುತ್ತದೆ. ಇಲ್ಲಿನವರು ಪ್ಲಾಸ್ಟಿಕ್ ತಟ್ಟೆ, ಕಾಗದದ ಲೋಟಗಳಲ್ಲಿ ಕ್ಯಾಂಪಿಂಗ್ ಮುಗಿಸುತ್ತಾರೆ. ನಮಗೋ ಸ್ಟೀಲ್ ಲೋಟ, ಸಾಂಬಾರಿನ ಪಾತ್ರೆ, ಕುಕ್ಕರ್, ದೋಸೆ ಕಾವಲಿ, ಮಿಕ್ಸಿ ಜಾರ್, ಒಗ್ಗರಣೆ ಡಬ್ಬಿ ಎಲ್ಲವೂ ಬೇಕು, ಮತ್ತು ಹೆದ್ದಾರಿಯ ಕಾಂಕ್ರೀಟಿನ ಪ್ರತಿಯೊಂದು ಬೆಸುಗೆಯ ಮೇಲೆ ಚಕ್ರ ಹಾದಾಗಲೂ ಇವೆಲ್ಲ ಒಂದಕ್ಕೊಂದು ಬಡಿಯುತ್ತವೆ. ನಾನು ನೂಡಲನ್ನು ಗೇಣುದ್ದದ ತುಂಡುಗಳಾಗಿ ಕೊಯ್ದು, ಕೆಲವನ್ನು ಮತ್ತೆ ಉದ್ದಕ್ಕೆ ಎರಡು ಹೋಳು ಮಾಡಿ, ಇಡಿಯ ತುಂಡುಗಳನ್ನು ಪಾತ್ರೆಗಳ ನಡುವಿನ ಸಂದಿಯಲ್ಲಿ ನಿಲ್ಲಿಸುತ್ತೇನೆ, ಹೋಳುಗಳನ್ನು ಕಪಾಟಿನ ಬಾಗಿಲಿಗೂ ಮುಂದಿನ ಸಾಲಿಗೂ ಮಧ್ಯೆ ಒತ್ತಿ ಸಿಕ್ಕಿಸುತ್ತೇನೆ. ಒಗ್ಗರಣೆ ಡಬ್ಬಿಯ ಮುಚ್ಚಳದ ಮೇಲೆ ಒಂದು ಹೋಳನ್ನಿಟ್ಟು ಮೇಲಿನ ಹಲಗೆಗೆ ತಾಗಿಸಿಬಿಟ್ಟರೆ ಮುಚ್ಚಳ ಏಳುವುದಿಲ್ಲ. ಸಾಸಿವೆ, ಜೀರಿಗೆ, ಅರಿಶಿನ ಒಂದರೊಳಗೊಂದು ಬೆರೆಯದೆ ಬಟ್ಟಲುಗಳಲ್ಲೇ ಇರುತ್ತವೆ. ಊರಿನಿಂದ ಬಂದಿರುವ ಅತ್ತೆಯವರು ಇಂದು ಇದನ್ನು ಕಂಡು, "ಮನೆ ಬದಲಿಸುವಾಗ ನಾವು ಪಾತ್ರೆ ಮಧ್ಯೆ ಹುಲ್ಲು ತುರುಕ್ತಿದ್ವಲ್ಲಮ್ಮ, ಅದೇ ಕೆಲಸ ಇದು ಮಾಡ್ತಿದೆ" ಎಂದರು. ಅವರು ಹೇಳಿದ್ದು ಸರಿ.

ಒಲೆಯ ಮೇಲಿನ ಕಬ್ಬಿಣದ ಜಾಲರಿಯ ಸದ್ದು ಇನ್ನೂ ಕಿರಿಕಿರಿಯದು. ಬೆರಳುದ್ದದ ಸೀಳು ತುಂಡುಗಳನ್ನು ಜಾಲರಿಯ ನಾಲ್ಕು ಕಡೆ ಸಿಕ್ಕಿಸಿದರೆ ದಾರಿಯುದ್ದಕ್ಕೂ ಅದು ಮಾತಾಡುವುದಿಲ್ಲ. ಆದರೆ ನಿಂತ ಕೂಡಲೇ ಆ ತುಂಡುಗಳನ್ನು ತೆಗೆಯಲೇಬೇಕು. ಇದಕ್ಕೆ ಹಳದಿ ಬಣ್ಣವನ್ನೇ ಮೀಸಲಿಟ್ಟಿದ್ದೇನೆ. ಕಪ್ಪು ಒಲೆಯ ಮೇಲೆ ಹಳದಿ ತುಂಡು ಕಣ್ಣಿಗೆ ಹೊಡೆಯುವುದರಿಂದ ಯಾರೂ ಅದನ್ನು ಮರೆತು ಒಲೆ ಹೊತ್ತಿಸುವುದಿಲ್ಲ.

ಈ ಪಾರ್ಕಿನಲ್ಲಿ ಆರ್‌ವಿಗಳ ಟ್ಯಾಂಕಿಗೆ ನೀರು ತುಂಬಿಕೊಳ್ಳುವ ವ್ಯವಸ್ಥೆ ಇಲ್ಲ. ಮೇಲಕ್ಕೆ ನೀರನ್ನು ಲಾರಿಯಲ್ಲಿ ತರುವುದರಿಂದ ಬರುವವರು ಕೆಳಗೇ ತುಂಬಿಕೊಂಡು ಬರಬೇಕು. ಟ್ಯಾಂಕಿನ ಜೊತೆಗೆ ನಾವು ಐದು ಗ್ಯಾಲನ್ನಿನ ಕ್ಯಾನುಗಳನ್ನೂ ತಂದಿದ್ದೇವೆ. ಒಂದೊಂದು ತುಂಬಿದ ಕ್ಯಾನ್ 19 ಕಿಲೋ ತೂಗುತ್ತದೆ, ಅದರ ಹಿಡಿಯೋ ತೆಳ್ಳಗಿನ ಪ್ಲಾಸ್ಟಿಕ್, ನಾಲ್ಕು ಹೆಜ್ಜೆ ನಡೆದರೆ ಬೆರಳ ಗೆಣ್ಣುಗಳಲ್ಲಿ ಬರೆ ಮೂಡುತ್ತದೆ. ಹಿಡಿಗೆ ನಾಲ್ಕು ಅಂಗುಲದ ನೂಡಲ್ ತುಂಡನ್ನು ಸೀಳಿ ತೊಡಿಸಿದ ಮೇಲೆ ಇಂದು ಅತ್ತೆಯವರೂ ಅರ್ಧ ತುಂಬಿದ ಕ್ಯಾನನ್ನು ಎತ್ತಿ ತಂದರು.

ಹೊರಗೆ ಮುಖ್ಯ ಕೆಲಸ ತಲೆ ಮತ್ತು ಮೊಣಕಾಲುಗಳ ರಕ್ಷಣೆ. ಟ್ರೇಲರ್ ನಿಂತ ಮೇಲೆ ಪಕ್ಕಕ್ಕೆ ಚಾಚಿಕೊಳ್ಳುವ ಸ್ಲೈಡ್‌ಔಟ್‌ನ ಕೆಳಮೂಲೆ ಮಗಳ ಹಣೆಯ ಎತ್ತರಕ್ಕೆ ಬರುತ್ತದೆ, ಲೋಹದ ಚೂಪು ಅಂಚು, ಕತ್ತಲಲ್ಲಿ ಕಾಣುವುದಿಲ್ಲ. ಅಲ್ಲಿಗೆ ಕಿತ್ತಳೆ ಬಣ್ಣದ ತುಂಡನ್ನು ಕಚ್ಚಿಸಿ, ಬೀಳದಂತೆ ದಾರ ಕಟ್ಟಿದ್ದೇನೆ. ಸ್ಲೈಡ್‌ಔಟ್ ಒಳಗೆಳೆಯುವ ಮೊದಲು ಇದನ್ನು ತೆಗೆಯದಿದ್ದರೆ ರಬ್ಬರ್ ಸೀಲಿಗೆ ಸಿಕ್ಕಿಕೊಳ್ಳುತ್ತದೆ, ಆದ್ದರಿಂದ ಹೊರಡುವ ಮುನ್ನ ನೋಡುವ ಪಟ್ಟಿಯಲ್ಲಿ ಅದನ್ನೂ ಸೇರಿಸಿದ್ದೇನೆ. ಕಾರಿಗೆ ಜೋಡಿಸುವ ಮುಂಗೊಕ್ಕೆಗೂ ಇಂಥದೇ ಒಂದು ತುಂಡು ಇದೆ, ಮೊಣಕಾಲಿನ ಕೆಳಗೆ ಪೆಟ್ಟಾಗುವುದು ತಪ್ಪಿದೆ. ಮಗಳ ಪುಟ್ಟ ಡೇರೆಯ ಹಗ್ಗಗಳಿಗೆ ಗುಲಾಬಿ ತುಂಡುಗಳನ್ನು ತೊಡಿಸಿದ್ದರಿಂದ ರಾತ್ರಿ ಶೌಚಾಲಯಕ್ಕೆ ಹೋಗುವವರು ಎಡವುವುದಿಲ್ಲ. ಬಾಗಿಲಿನ ಅಂಚಿಗೊಂದು ತುಂಡು ಸಿಕ್ಕಿಸಿದರೆ ಗಾಳಿಗೆ ಅದು ರಪ್ಪನೆ ಮುಚ್ಚಿ ಬೆರಳು ಜಜ್ಜುವುದಿಲ್ಲ.

ಈ ಪ್ರಸ್ಥಭೂಮಿ ಸಮುದ್ರಮಟ್ಟದಿಂದ ಸುಮಾರು 6,000 ಅಡಿ ಎತ್ತರದಲ್ಲಿದೆ, ಕೊಲರಾಡೋ ನದಿ 2,000 ಅಡಿ ಕೆಳಗೆ ಹರಿಯುತ್ತದೆ, ಗಾಳಿಗೆ ಇಲ್ಲಿ ಯಾವ ಅಡ್ಡಿಯೂ ಇಲ್ಲ. ಬಟ್ಟೆಯ ಚಪ್ಪರದ ಕಂಬಿಗಳಿಗೆ ನೂಡಲ್ ತೊಡಿಸಿದರೆ ಬಟ್ಟೆ ಉಜ್ಜಿ ಹರಿಯುವುದು ಕಡಿಮೆಯಾಗುತ್ತದೆ ನಿಜ, ಆದರೆ ಗಾಳಿ ಜೋರಾದಾಗ ಚಪ್ಪರವನ್ನು ಸುತ್ತಿಬಿಡುವುದೇ ಸರಿ. ಫೋಮ್ ಇದೆ ಎಂಬ ಧೈರ್ಯದಲ್ಲಿ ಅದನ್ನು ಬಿಚ್ಚಿಡಬಾರದು. ಇಂದು ಮಧ್ಯಾಹ್ನವಿಡೀ ನಾವು ಅದನ್ನು ಬಿಚ್ಚಲಿಲ್ಲ.

ಎಲ್ಲಿ ಬಳಸಬಾರದು ಎಂಬುದು ನನ್ನ ಮಟ್ಟಿಗೆ ಹೆಚ್ಚು ಮುಖ್ಯ. ಪಾಲಿಎಥಿಲೀನ್ ಸುಮಾರು 110 ಡಿಗ್ರಿ ಸೆಲ್ಸಿಯಸ್ಸಿಗೆ ಕರಗುತ್ತದೆ, ಬೆಂಕಿ ತಗುಲಿದರೆ ಉರಿಯುತ್ತದೆ, ಉರಿಯುವಾಗ ಕರಗಿದ ಹನಿಗಳು ತೊಟ್ಟಿಕ್ಕುತ್ತವೆ. ಟ್ರೇಲರಿನ ಹೊರಗೋಡೆಯಲ್ಲಿರುವ ಹೀಟರಿನ ಮತ್ತು ಬಿಸಿನೀರಿನ ಹೊಗೆಕಿಂಡಿಗಳ ಬಳಿ, ಗ್ಯಾಸಿನಿಂದ ನಡೆಯುವ ಫ್ರಿಜ್ಜಿನ ಗಾಳಿಕಿಂಡಿಯಲ್ಲಿ, ಶಿಬಿರಾಗ್ನಿಯ ಸುತ್ತ ಅದು ಇರಲೇಕೂಡದು. ಟ್ರೇಲರಿಗೆ ವಿದ್ಯುತ್ ತರುವ ಮೂವತ್ತು ಆಂಪಿಯರ್ ಪ್ಲಗ್ ಬಿಸಿಯಾಗುವ ವಸ್ತು, ಅದಕ್ಕೆ ಫೋಮ್ ಸುತ್ತುವುದನ್ನು ಕಂಡಿದ್ದೇನೆ, ದಯವಿಟ್ಟು ಹಾಗೆ ಮಾಡಬೇಡಿ. ಮಗು ಮಂಚದಿಂದ ಉರುಳದಂತೆ ಹಾಸುಬಟ್ಟೆಯಡಿ ಅಂಚಿನಲ್ಲಿ ನೂಡಲ್ ಇಡುವುದು ಬುದ್ಧಿ ತಿಳಿದ ಮಕ್ಕಳಿಗೆ ಚೆನ್ನ, ಕೂಸುಗಳ ಹಾಸಿಗೆಯಲ್ಲಿ ಅದು ಉಸಿರಿಗೆ ಅಪಾಯ. ವೈರು ಒಳಬರುವ ಕಿಂಡಿಗೆ ತುರುಕಿದರೆ ತಣ್ಣನೆಯ ಗಾಳಿ ನಿಲ್ಲುತ್ತದೆ, ಇಲಿ ಮಾತ್ರ ನಿಲ್ಲುವುದಿಲ್ಲ, ಅದು ಫೋಮನ್ನು ಕಡಿದು ಗೂಡಿಗೆ ಒಯ್ಯುತ್ತದೆ. ಇಲಿಗೆ ಉಕ್ಕಿನ ನಾರೇ ಬೇಕು.

ಬಿಸಿಲೂ ಇದರ ಶತ್ರು. ಹೊರಗಿನ ತುಂಡುಗಳು ಕೆಲವು ತಿಂಗಳ ಬಿಸಿಲಿಗೆ ಬಣ್ಣ ಕಳೆದುಕೊಂಡು, ಉಗುರಿನಿಂದ ಕೆರೆದರೆ ಪುಡಿ ಉದುರುತ್ತದೆ. ಆ ಪುಡಿ ಇಲ್ಲಿನ ಕೆಂಪು ಮಣ್ಣಿಗೆ ಬಿದ್ದರೆ ಆಯ್ದು ತೆಗೆಯುವುದು ಅಸಾಧ್ಯ. ಆದ್ದರಿಂದ ಕೊಯ್ಯುವ ಕೆಲಸವನ್ನೆಲ್ಲ ಮನೆಯಲ್ಲೇ ಮುಗಿಸಿ ಬರುತ್ತೇನೆ, ಚೂರುಗಳನ್ನು ಕಸದ ಚೀಲಕ್ಕೆ ಸೇರಿಸುತ್ತೇನೆ. ಚಪ್ಪರದ ಕಂಬಿಯ ಹಳೆಯ ನೀಲಿ ತುಂಡು ಇಂದು ಬೆರಳಿಗೆ ಅಂಟುವಷ್ಟು ಸವೆದಿತ್ತು, ಬಿಚ್ಚಿ ಚೀಲಕ್ಕೆ ಹಾಕಿದ್ದೇನೆ. ಅಂಗಡಿಗಳಲ್ಲಿ ನೂಡಲ್ ಇರುವುದು ಬೇಸಿಗೆಯ ತಿಂಗಳುಗಳಲ್ಲಿ ಮಾತ್ರ, ಹಾಗಾಗಿ ಮನೆ ಸೇರಿದ ವಾರದಲ್ಲೇ ಹೋಗಿ ವರ್ಷಕ್ಕಾಗುವಷ್ಟನ್ನು ತಂದಿಟ್ಟುಕೊಳ್ಳುತ್ತೇನೆ.