ಹಳೇ ಜಿಪ್ಸಿ ಕೊಂಡು ಸಹ್ಯಾದ್ರಿಯ ಮಳೆಗೆ ಸಜ್ಜು ಮಾಡುವುದು ಹೇಗೆ?

ಮೇ ತಿಂಗಳು ಮುಗಿಯುತ್ತ ಬಂದಂತೆ ಪುಣೆಯ ಕನ್ನಡ ಗೆಳೆಯರು ಕೇಳುವುದು ಒಂದೇ: "ಹಳೇ ಮಾರುತಿ ಜಿಪ್ಸಿ ಒಂದು ನೋಡಿದೀನಿ ಸರ್, ತಾಮ್ಹಿಣಿ, ವೆಲ್ಹೆ ಕಡೆ ಮಳೇಲಿ ಓಡಿಸ್ಬೇಕು. ಲಿಫ್ಟ್ ಎಷ್ಟು ಇಂಚು ಹಾಕಿಸ್ಲಿ, ಟೈರ್ ಯಾವುದು?" ಲಿಫ್ಟು (ಗಾಡಿಯನ್ನು ಸಸ್ಪೆನ್ಷನ್ ಮೇಲೆ ಇನ್ನಷ್ಟು ಎತ್ತರಿಸುವುದು), ಟೈರು ಎರಡೂ ಕೊನೆಗೆ. ಮೊದಲ ದುಡ್ಡು ಚಾಸಿಗೆ, ಅಂದರೆ ಗಾಡಿಯಡಿಯ ಉಕ್ಕಿನ ಚೌಕಟ್ಟಿಗೆ; ಎರಡನೆಯದು ನೀರು ಒಳಗೆ ಹೋಗದಂತೆ ನೋಡಿಕೊಳ್ಳುವುದಕ್ಕೆ. ಗಾಡಿಯ ಬೆಲೆಯ ಮೂರನೇ ಒಂದು ಭಾಗದಷ್ಟು ಹಣ ಇದಕ್ಕೆಂದೇ ಎತ್ತಿಟ್ಟುಕೊಂಡು ವ್ಯಾಪಾರಕ್ಕೆ ಕೂರಿ.

1985ರಲ್ಲಿ ಬಂದ ಮೊದಲ ಜಿಪ್ಸಿಯದು 970 ಸಿಸಿ ಎಂಜಿನ್. ನಾಲ್ಕು ಜನ ಕೂತರೆ ಘಟ್ಟದಲ್ಲಿ ಏದುಸಿರು ಬಿಡುತ್ತದೆ. 1996ರ ಜಿಪ್ಸಿ ಕಿಂಗ್‌ನಲ್ಲಿ 1.3 ಲೀಟರ್ ಎಂಜಿನ್ ಬಂತು, 2000ದ ಹೊತ್ತಿಗೆ ಕಾರ್ಬುರೇಟರ್ ಬದಲು ಪೆಟ್ರೋಲ್ ಇಂಜೆಕ್ಷನ್ನಿನ ಎಂಪಿಎಫ್‌ಐ. ಹುಡುಕುವುದಾದರೆ ಈ ಕೊನೆಯದನ್ನೇ ಹುಡುಕಿ. ಯಾರೋ ಡೀಸೆಲ್ ಎಂಜಿನ್ ಕೂರಿಸಿದ ಗಾಡಿ ಎಷ್ಟೇ ಅಗ್ಗವಾದರೂ ಬೇಡ. ಆರ್‌ಸಿಯಲ್ಲಿ ಅದು ದಾಖಲಾಗಿರದಿದ್ದರೆ ನಿಮ್ಮ ಹೆಸರಿಗೆ ಮಾಡಿಸುವಾಗ ಸಿಕ್ಕಿಬೀಳುತ್ತೀರಿ.

ಊರ ಕಡೆಯಿಂದ ಗಾಡಿ ತರಬಲ್ಲವರಿಗೆ ಒಂದು ಅನುಕೂಲವಿದೆ. ವಿಜಯಪುರ, ಕಲಬುರಗಿಯ ಒಣ ಹವೆಯಲ್ಲಿ ಓಡಿದ ಗಾಡಿಯ ಚಾಸಿ ಸಾಮಾನ್ಯವಾಗಿ ಗಟ್ಟಿ ಉಳಿದಿರುತ್ತದೆ. ಮುಂಬೈ, ಗೋವಾದ ಉಪ್ಪುಗಾಳಿ ಉಂಡದ್ದನ್ನೂ ಕೊಡಗಿನ ತೋಟದಲ್ಲಿ ದುಡಿದದ್ದನ್ನೂ ಎರಡು ಸಲ ನೋಡಿ. ಒಂದು ಸಣ್ಣ ಸುತ್ತಿಗೆ ಹಿಡಿದು ಗಾಡಿಯಡಿ ಮಲಗಿ: ಹಿಂದಿನ ಪಾಟಾ (ಪಟ್ಟಿ ಸ್ಪ್ರಿಂಗ್) ಕೂರುವ ಶ್ಯಾಕಲ್‌ನ ಜಾಗ, ಪೆಟ್ರೋಲ್ ಟ್ಯಾಂಕಿನ ಮೇಲಿನ ಚಾಸಿ, ಬಾಡಿಯನ್ನು ಚಾಸಿಗೆ ಕೂರಿಸಿದ ಮೌಂಟುಗಳು, ಡ್ರೈವರ್ ಕಾಲಡಿಯ ತಗಡು. ಗಟ್ಟಿ ಉಕ್ಕು ಠಣ್ ಎನ್ನುತ್ತದೆ, ತುಕ್ಕು ತಿಂದದ್ದು ಮಂಕಾಗಿ ಸದ್ದು ಕೊಡುತ್ತದೆ. ಅಡಿಗೆಲ್ಲ ಹೊಸದಾಗಿ ಕಪ್ಪು ಟಾರ್ ಬಳಿದಿದ್ದರೆ ಅದನ್ನು ಕೆರೆದು ನೋಡಲು ಬಿಡದವರ ಹತ್ತಿರ ಕೊಳ್ಳಬೇಡಿ.

ಆಮೇಲೆ ಎಂಜಿನ್. ಕಂಪ್ರೆಷನ್ (ಸಿಲಿಂಡರಿನೊಳಗಿನ ಒತ್ತಡ) ಅಳೆಸಿ, ನಾಲ್ಕು ಸಿಲಿಂಡರುಗಳ ನಡುವಿನ ವ್ಯತ್ಯಾಸ ಚದರ ಸೆಂ.ಮೀ.ಗೆ 1 ಕೆ.ಜಿ. ಮೀರಬಾರದು. ಮಣ್ಣುರಸ್ತೆಯ ಇಳಿಜಾರಿನಲ್ಲಿ ಫೋರ್ ಲೋ (ನಾಲ್ಕೂ ಚಕ್ರಕ್ಕೆ ನಿಧಾನದ ಗೇರು), ಮೊದಲ ಗೇರು ಹಾಕಿ ಆಕ್ಸಿಲರೇಟರ್ ಬಿಡಿ. ಲಿವರ್ ತಾನಾಗಿ ಜಿಗಿದು ಹೊರಬಂದರೆ ಟ್ರಾನ್ಸ್‌ಫರ್ ಕೇಸ್ (ಎಂಜಿನ್ ಶಕ್ತಿಯನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವ ಪೆಟ್ಟಿಗೆ) ಸವೆದಿದೆ.

ಜಿಪ್ಸಿಯ ನಿಜವಾದ ಕಾಯಿಲೆ ಇರುವುದು ಮುಂದಿನ ಆಕ್ಸಲ್‌ನಲ್ಲಿ. ಗಂಟೆಗೆ 60-70 ಕಿ.ಮೀ. ವೇಗದಲ್ಲಿ ಸ್ಟೀರಿಂಗ್ ಗಡಗಡ ನಡುಗಿದರೆ ಮೊದಲು ವೀಲ್ ಬ್ಯಾಲೆನ್ಸ್ ಮಾಡಿಸಿ. ಆಮೇಲೂ ಹೋಗದಿದ್ದರೆ ಅನುಮಾನ ಕಿಂಗ್‌ಪಿನ್ ಬೇರಿಂಗ್ ಮೇಲೆ; ಸ್ಟೀರಿಂಗ್ ತಿರುಗಿಸಿದಾಗ ಮುಂಚಕ್ರ ತಿರುಗುವುದು ಇದರ ಮೇಲೆಯೇ. ಚಕ್ರವನ್ನು ಜ್ಯಾಕ್ ಮೇಲೆತ್ತಿ, ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ, ಇನ್ನೊಬ್ಬರಿಗೆ ಬ್ರೇಕ್ ತುಳಿಯಲು ಹೇಳಿ. ಬ್ರೇಕ್ ತುಳಿದಾಗ ಆಟ ನಿಂತರೆ ವೀಲ್ ಬೇರಿಂಗ್, ನಿಲ್ಲದಿದ್ದರೆ ಕಿಂಗ್‌ಪಿನ್. ಬೇರಿಂಗ್ ಬದಲಿಸಿ ಶಿಮ್ (ತೆಳು ತಗಡಿನ ಬಿಲ್ಲೆ) ಹಾಕಿ ಬಿಗಿ ಹೊಂದಿಸಬೇಕು. ಬರೀ ನಡುಕ ತಡೆಯುವ ಸ್ಟೀರಿಂಗ್ ಡ್ಯಾಂಪರ್ ಹಾಕಿಸಿದರೆ ನಡುಕ ಮುಚ್ಚಿಹೋಗುತ್ತದೆ, ಸವೆತ ಮಾತ್ರ ನಡೆದೇ ಇರುತ್ತದೆ. ಚಕ್ರದ ಒಳಮೈಯಲ್ಲಿ ತೆಳು ಕಪ್ಪು ಎಣ್ಣೆ ಹರಿದಿದ್ದರೆ ಒಳಗಿನ ಆಯಿಲ್ ಸೀಲ್ ಹೋಗಿದೆ, ಆಕ್ಸಲ್ ಆಯಿಲ್ ಗ್ರೀಸನ್ನು ಕರಗಿಸುತ್ತಿದೆ ಎಂದರ್ಥ. ಹಾಗೇ ಓಡಿಸಿದರೆ ಒಳಗಿನ ಜಾಯಿಂಟ್ ಒಣಗಿ, ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಕಟಕಟ ಎನ್ನತೊಡಗುತ್ತದೆ.

ಇನ್ನು ನೀರಿನ ವಿಷಯ. ಘಟ್ಟ ಹತ್ತಿ ಕಾದ ಆಕ್ಸಲ್ ತಣ್ಣನೆಯ ಹಳ್ಳಕ್ಕೆ ಇಳಿದಾಗ ಒಳಗಿನ ಗಾಳಿ ಕುಗ್ಗಿ, ಬ್ರೀದರ್ (ಗಾಳಿ ಆಡುವ ಸಣ್ಣ ರಂಧ್ರ) ಮೂಲಕ ನೀರನ್ನು ಹೀರುತ್ತದೆ. ಹಾಗಾಗಿ ಎರಡೂ ಆಕ್ಸಲ್, ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸ್‌ಗಳ ಬ್ರೀದರಿಗೆ ಪೆಟ್ರೋಲ್ ಹೋಸ್ ಸಿಕ್ಕಿಸಿ, ಬಾನೆಟ್ ಕೆಳಗೆ ಎತ್ತರದಲ್ಲಿ ಬಾಯಿ ಕೆಳಗಾಗಿ ಕಟ್ಟಿಸಿ. ಪುಣೆಯ ನಾನಾ ಪೇಠೆಯ ಸ್ಪೇರ್‌ಪಾರ್ಟ್ಸ್ ಅಂಗಡಿಗಳಲ್ಲಿ ಹೋಸ್, ಕ್ಲಿಪ್ಪು ಎರಡೂ ಸಿಗುತ್ತವೆ. ನನ್ನ ಮಟ್ಟಿಗೆ ಇಡೀ ಗಾಡಿಯಲ್ಲಿ ಇದರಷ್ಟು ಲಾಭದ ಬದಲಾವಣೆ ಇನ್ನೊಂದಿಲ್ಲ. ಜೊತೆಗೇ ಎಲ್ಲ ಆಯಿಲ್ ಬದಲಿಸಿ: ಡಿಫರೆನ್ಷಿಯಲ್‌ಗಳಿಗೆ (ಆಕ್ಸಲ್ ನಡುವೆ ಎಡ-ಬಲ ಚಕ್ರಗಳಿಗೆ ಶಕ್ತಿ ಹಂಚುವ ಗೇರುಗಳು) 80ಡಬ್ಲ್ಯೂ-90 ಜಿಎಲ್-5 ದರ್ಜೆಯ ಗೇರ್ ಆಯಿಲ್, ಮುಂದೆ ಸುಮಾರು 2 ಲೀಟರ್, ಹಿಂದೆ ಒಂದೂವರೆ. ಗೇರ್‌ಬಾಕ್ಸ್‌ಗೂ ಟ್ರಾನ್ಸ್‌ಫರ್ ಕೇಸ್‌ಗೂ ಜಿಎಲ್-4, ಎರಡಕ್ಕೂ ಸೇರಿ ಸುಮಾರು 2 ಲೀಟರ್. ಗೇರ್‌ಬಾಕ್ಸಿಗೂ ಜಿಎಲ್-5 ಸುರಿದರೆ ಅದರ ರಾಸಾಯನಿಕ ಗೇರು ಸಲೀಸಾಗಿ ಬೀಳಲು ನೆರವಾಗುವ ಹಿತ್ತಾಳೆಯ ಸಿಂಕ್ರೋ ರಿಂಗನ್ನು ತಿನ್ನಬಹುದು. ಲೆವೆಲ್ ಪ್ಲಗ್‌ನಿಂದ ಹೊರಗೆ ಹರಿಯುವವರೆಗೆ ತುಂಬಿಸಿ.

ಈಗ ಟೈರಿಗೆ ಬರೋಣ. ಕಂಪನಿಯ 205/70 ಆರ್15 ಟೈರಿನ ವ್ಯಾಸ 668 ಮಿ.ಮೀ., 215/75 ಆರ್15 ಟೈರಿನದು 703. ನೆಲದಿಂದ ಗಾಡಿ ಏರುವುದು ಅದರರ್ಧ, ಸುಮಾರು 18 ಮಿ.ಮೀ. ಸ್ಪೀಡೋಮೀಟರ್ 60 ತೋರಿಸುವಾಗ ನಿಜವಾದ ವೇಗ 63. ಇದಕ್ಕಿಂತ ದೊಡ್ಡದು ಬೇಡ, ಪಿಕಪ್ ಹೋಗುತ್ತದೆ. ಕೆಸರಿನಲ್ಲಿ ಗಾಳಿ 18 ಪಿಎಸ್‌ಐಗೆ ಇಳಿಸಿ, ಡಾಂಬರು ಮುಟ್ಟುವ ಮೊದಲು 12 ವೋಲ್ಟ್ ಪಂಪಿನಿಂದ ತುಂಬಿಸಿ. ಲಿಫ್ಟ್ ಬೇಕೇ ಬೇಕೆಂದರೆ 2 ಇಂಚು ಮಿತಿ. ಬ್ರೇಕ್ ಹೋಸ್ ಉದ್ದದ್ದು ಹಾಕಿಸಲೇಬೇಕು. ಹೆಚ್ಚುವರಿ ಪಾಟಾ ಸೇರಿಸಿ ಎತ್ತಿಸಿದರೆ ಸಸ್ಪೆನ್ಷನ್ ಬಿರುಸಾಗಿ ಚಕ್ರ ನೆಲ ಬಿಡುತ್ತದೆ, ಲಾಕರ್ (ಎರಡೂ ಚಕ್ರ ಒಟ್ಟಿಗೆ ತಿರುಗುವಂತೆ ಬಿಗಿಯುವ ಸಾಧನ) ಇಲ್ಲದ ಡಿಫರೆನ್ಷಿಯಲ್ ಶಕ್ತಿಯನ್ನೆಲ್ಲ ಗಾಳಿಯಲ್ಲಿರುವ ಚಕ್ರಕ್ಕೇ ಕೊಡುತ್ತದೆ. ಎತ್ತರ ಕೊಂಡು ಹಿಡಿತ ಕಳೆದುಕೊಂಡಂತೆ. ಸಿಕ್ಕಿಕೊಂಡ ಗಾಡಿ ಎಳೆಯಲು ವಿಂಚ್ (ಮೋಟಾರಿನ ಹಗ್ಗದ ರಾಟೆ) ಬದಲು ಚಾಸಿಗೆ ಬೋಲ್ಟ್ ಮಾಡಿದ ಗಟ್ಟಿ ರಿಕವರಿ ಪಾಯಿಂಟ್, 9 ಮೀಟರಿನ ರಿಕವರಿ ಸ್ಟ್ರ್ಯಾಪ್, ಅದನ್ನು ಸಿಕ್ಕಿಸಲು 4.75 ಟನ್ನಿನ ಎರಡು ಶ್ಯಾಕಲ್ (ಉಕ್ಕಿನ ಕೊಂಡಿ) ಇರಲಿ. ಒಬ್ಬರೇ ಹೋಗಬೇಡಿ.

ಬಂಪರ್ ಮುಂದೆ ಕಬ್ಬಿಣದ ಬುಲ್ ಬಾರ್ ಹಾಕಿಸಬೇಡಿ. ಅದು ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಉಲ್ಲಂಘನೆಯೆಂದು ಕೇಂದ್ರ ಸಾರಿಗೆ ಸಚಿವಾಲಯ 2017ರಲ್ಲೇ ರಾಜ್ಯಗಳಿಗೆ ತಿಳಿಸಿದೆ. ತಯಾರಕರು ಕೊಟ್ಟ ವಿವರ ಬದಲಾಗುವಂತೆ ಗಾಡಿಯನ್ನು ಮಾರ್ಪಡಿಸಬಾರದೆಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಹೇಳಿದೆ.

ಕೆಎ ನಂಬರಿನ ಗಾಡಿಯನ್ನು 12 ತಿಂಗಳಿಗಿಂತ ಹೆಚ್ಚು ಇಲ್ಲಿ ಇಟ್ಟುಕೊಂಡರೆ ಮಹಾರಾಷ್ಟ್ರದ ನಂಬರ್ ಪಡೆಯಲೇಬೇಕು. ಊರಿನ ಆರ್‌ಟಿಒದಿಂದ ಫಾರ್ಮ್ 28ರ ಎನ್‌ಒಸಿ (ನಿರಾಕ್ಷೇಪಣಾ ಪತ್ರ), ಮಾರಾಟಕ್ಕೆ 29 ಮತ್ತು 30, ಇಲ್ಲಿ ಹೊಸ ನಂಬರಿಗೆ 27. ಸಾಲದಲ್ಲಿ ಕೊಂಡಿದ್ದ ಗಾಡಿಯಾದರೆ ಸಾಲ ತೀರಿದ್ದಕ್ಕೆ ಬ್ಯಾಂಕ್ ಸಹಿ ಮಾಡಿದ ಫಾರ್ಮ್ 35. ಹದಿನೈದು ವರ್ಷ ದಾಟಿದ್ದರೆ ನವೀಕರಣ ಐದೈದು ವರ್ಷಕ್ಕೆ, ಪರಿಸರ ತೆರಿಗೆ ಬೇರೆ. ಚಾಸಿ ನಂಬರಿನ ಅಚ್ಚು ತುಕ್ಕಿನಲ್ಲಿ ಅಳಿಸಿದ್ದರೆ ತಪಾಸಣೆಯಲ್ಲಿ ಕಡತ ಅಲ್ಲೇ ನಿಲ್ಲುತ್ತದೆ; ಮುಂಗಡ ಕೊಡುವ ಮೊದಲೇ ಬ್ರಷ್‌ನಿಂದ ಉಜ್ಜಿ, ಆರ್‌ಸಿಯ ಜೊತೆ ಒಂದೊಂದೇ ಅಂಕಿ ಹೋಲಿಸಿ ನೋಡಿ.