ಡೆಲ್ಟಾಕ್ಕೆ ಹೋದರೆ ಪಾರ್ಚ್‌ಮನ್ ದಾರಿ ಹಿಡಿಯಿರಿ

ಅಮೆರಿಕದ ದಕ್ಷಿಣದಲ್ಲಿರುವ ಮಿಸಿಸಿಪಿ ಡೆಲ್ಟಾಕ್ಕೆ, ಅಲ್ಲಿನ ಕಪ್ಪುಜನರ ಸಂಗೀತವಾದ ಬ್ಲೂಸ್ ಹುಡುಕಿಕೊಂಡು ಹೋಗುವ ಹೆಚ್ಚಿನವರು ಮೆಂಫಿಸ್‌ನಲ್ಲಿ ಇಳಿದು, ಹೈವೇ 61 ಹಿಡಿದು ಕ್ಲಾರ್ಕ್ಸ್‌ಡೇಲ್ ತಲುಪಿ, ಗಿಟಾರುಗಳನ್ನು ಏರಿಸಿರುವ ಕಂಬದ ಕೆಳಗೆ ಫೋಟೊ ತೆಗೆಸಿಕೊಂಡು ಮರಳುತ್ತಾರೆ. ಬ್ಲೂಸ್ ಗಿಟಾರ್ ವಾದಕ ರಾಬರ್ಟ್ ಜಾನ್ಸನ್ ಸೈತಾನನಿಗೆ ಆತ್ಮ ಮಾರಿ ವಿದ್ಯೆ ಪಡೆದನೆಂಬ ಕಥೆಗೆ ಅಂಟಿಕೊಂಡ ಕೂಡುರಸ್ತೆ ಅದು. ಅಲ್ಲಿ ಹತ್ತು ನಿಮಿಷ ಸಾಕು. ಆ ಹಾಡುಗಳ ಹಿಂದೆ ಇದ್ದದ್ದು ಹತ್ತಿಹೊಲ, ತೀರದ ಸಾಲ, ಜೈಲು. ನೋಡಬೇಕಾದದ್ದು ಅವನ್ನು.

ಕಾರು ಇಲ್ಲದೆ ಈ ಪ್ರವಾಸ ಆಗದು. ಮೆಂಫಿಸ್‌ನಿಂದ ಕ್ಲಾರ್ಕ್ಸ್‌ಡೇಲ್ ಸುಮಾರು 120 ಕಿ.ಮೀ. ಎರಡು ರಾತ್ರಿ ಅಲ್ಲೇ ಉಳಿಯಿರಿ. ಡೆಲ್ಟಾ ಬ್ಲೂಸ್ ಮ್ಯೂಸಿಯಂನಲ್ಲಿ ಬ್ಲೂಸ್ ಗಾಯಕ ಮಡ್ಡಿ ವಾಟರ್ಸ್ ಬಾಳಿದ ಮರದ ಗುಡಿಸಲಿನ ಅವಶೇಷವಿದೆ. ಭಾನುವಾರ ಹೋಗಬೇಡಿ, ಅನೇಕ ಕಡೆ ಬಾಗಿಲು ಹಾಕಿರುತ್ತದೆ.

ಮರುದಿನ ಬೆಳಿಗ್ಗೆಯೇ ಹೊರಟು, ಟಟ್‌ವೈಲರ್ ದಾಟಿ 49 ವೆಸ್ಟ್ ಹೆದ್ದಾರಿ ಹಿಡಿಯಿರಿ. ರಸ್ತೆ ಪಕ್ಕದಲ್ಲೇ ಪಾರ್ಚ್‌ಮನ್ ಸಿಗುತ್ತದೆ. 1901ರಲ್ಲಿ ಶುರುವಾದ ಈ ಜೈಲು ಇಂದಿಗೂ ನಡೆಯುತ್ತಿದೆ. ಬ್ಲೂಸ್ ಇತಿಹಾಸ ಹೇಳುವ ಫಲಕ ಓದಿ ಮುಂದೆ ಸಾಗಿ, ಗೇಟಿನ ಕಡೆ ಕ್ಯಾಮೆರಾ ತಿರುಗಿಸಬೇಡಿ. ಬಹುಪಾಲು ಕಪ್ಪು ಕೈದಿಗಳನ್ನು ಬಂದೂಕಿನ ಕಾವಲಿನಲ್ಲಿ ಹತ್ತಿ ಬೆಳೆಯಲು ದುಡಿಸಿದ ಜಾಗ ಇದು. ಗುದ್ದಲಿ, ಕೊಡಲಿಗಳೆಲ್ಲ ಹಾಡಿನ ಲಯಕ್ಕೆ ಒಟ್ಟಿಗೇ ಏಳಬೇಕಿತ್ತು, ಇಲ್ಲವಾದರೆ ನಿಧಾನಿಸಿದ ಕೈದಿ ಕಾವಲುಗಾರನ ಕಣ್ಣಿಗೆ ಬಿದ್ದು ಚಾಟಿಯೇಟು ತಿನ್ನುತ್ತಿದ್ದ. ಜನಪದ ಹಾಡುಗಳ ಸಂಗ್ರಾಹಕ ಅಲನ್ ಲೊಮ್ಯಾಕ್ಸ್ 1947ರಲ್ಲಿ ಇಲ್ಲಿ ಕೈದಿಗಳ ಹಾಡು ಧ್ವನಿಮುದ್ರಿಸಿಕೊಂಡ. 1959ರಲ್ಲಿ ಇದೇ ರಾಜ್ಯದ ಇನ್ನೊಂದು ಕೈದಿ ಶಿಬಿರದಲ್ಲಿ ಜೇಮ್ಸ್ ಕಾರ್ಟರ್ ಎಂಬ ಕೈದಿ ಸೌದೆ ಕಡಿಯುತ್ತ ಹಾಡಿದ್ದನ್ನೂ ಮುದ್ರಿಸಿದ. ಆ ಹಾಡು 2000ದಲ್ಲಿ ಒಂದು ಸಿನಿಮಾಕ್ಕೆ ಸೇರಿ, ಅದರ ಆಲ್ಬಂ ಲಕ್ಷಾಂತರ ಪ್ರತಿ ಮಾರಾಟವಾಯಿತು. ಹಾಡಿದ್ದೇ ಮರೆತಿದ್ದ ಕಾರ್ಟರ್ ಕೈಗೆ 20,000 ಡಾಲರ್ ಚೆಕ್ ಸೇರುವಷ್ಟರಲ್ಲಿ ನಾಲ್ಕು ದಶಕ ದಾಟಿತ್ತು. ಹಾಗೆ ಹುಡುಕಿ ತಲುಪಿಸಿದ್ದೇ ಅಪರೂಪ. ಎಷ್ಟೋ ಮಂದಿಗೆ ಅದೂ ದಕ್ಕಲಿಲ್ಲ. ಆ ಮುದ್ರಣಗಳನ್ನು ಫೋನಿಗೆ ಇಳಿಸಿಕೊಂಡಿರಿ, ಈ ದಾರಿಯಲ್ಲೇ ಕೇಳಿ.

ರೂಲ್‌ವಿಲ್ ಬಳಿಯ, ಬ್ಲೂಸ್‌ನ ತವರೆನ್ನುವ ಡಾಕರಿ ಹತ್ತಿ ತೋಟವನ್ನೂ ನೋಡಿಕೊಂಡು ಗ್ರೀನ್‌ವುಡ್ ಸೇರಿ. ಊರಾಚೆ ಮನಿ ರಸ್ತೆಯಲ್ಲಿ, ಲಿಟಲ್ ಜಯನ್ ಚರ್ಚಿನ ಅಂಗಳದಲ್ಲಿ ಜಾನ್ಸನ್‌ನದೆಂದು ನಂಬಲಾದ ಸಮಾಧಿಯಿದೆ. 1938ರಲ್ಲಿ, 27ನೇ ವಯಸ್ಸಿನಲ್ಲಿ ತೀರಿಕೊಂಡವನ ಮರಣಪತ್ರದಲ್ಲಿ ಸಾವಿನ ಕಾರಣದ ಜಾಗದಲ್ಲಿ ಬರೆದದ್ದು ‘ವೈದ್ಯರಿಲ್ಲ’ ಎಂದಷ್ಟೇ. ಸೈತಾನನ ಕಥೆಗಿಂತ ಈ ಎರಡು ಪದ ನನ್ನನ್ನು ಹೆಚ್ಚು ಕಲಕಿದವು.

ಅದೇ ರಸ್ತೆಯಲ್ಲಿ ಮುಂದಕ್ಕೆ ಮನಿ ಊರು. 1955ರಲ್ಲಿ ಅಂಗಡಿಯ ಬಿಳಿಯ ಹೆಂಗಸಿನೊಡನೆ ಸಲಿಗೆ ತೋರಿದನೆಂಬ ಆರೋಪಕ್ಕೆ ಬಿಳಿಯರು ಕೊಂದ 14ರ ಕಪ್ಪು ಹುಡುಗ ಎಮೆಟ್ ಟಿಲ್; ಆ ಅಂಗಡಿಯ ಪಾಳುಗೋಡೆ ಅಲ್ಲಿದೆ. ಹಂತಕರನ್ನು ಬಿಡುಗಡೆ ಮಾಡಿದ ಕೋರ್ಟು ಸಮ್ನರ್‌ನಲ್ಲಿ. ಅಲ್ಲಿಗೆ ಮೊದಲೇ ಸಮಯ ಕೇಳಿಕೊಂಡು ಹೋಗಿ. ಸಸ್ಯಾಹಾರಿಗಳು ಬುತ್ತಿ ಕಟ್ಟಿಕೊಳ್ಳಿ, ಇಲ್ಲಿನ ಟಮಾಲೆ ಎಂಬ ಜೋಳದ ಹಿಟ್ಟಿನ ಕಡುಬಿನೊಳಗೂ ಮಾಂಸ ಇರುತ್ತದೆ. ಬೇಸಿಗೆಯ ಸೆಕೆ ತಪ್ಪಿಸಿ ಅಕ್ಟೋಬರ್‌ನಲ್ಲಿ ಹೋದರೆ ಹತ್ತಿ ಬಿರಿದ ಹೊಲಗಳೂ ನೋಡಸಿಗುತ್ತವೆ.